ಬಿಲ್ಲಿನ ದುಡ್ಡು ಯಾವಾಗ ಬರುತ್ತದೆ: ತಮ್ಮನ ಮಗನಿಗೊಂದು ಪತ್ರ

ಚಿರಂಜೀವಿ ಮಗನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಬೆಳಗಾವಿಯ ಉದ್ಯಮಬಾಗಿನಲ್ಲಿ ಶೆಡ್ ಹಿಡಿದು ಎರಡನೇ ವಿಎಂಸಿ (ಕಂಪ್ಯೂಟರ್ ನಡೆಸುವ ಲೋಹ ಕೊರೆಯುವ ಮಷಿನ್) ಇಳಿಸುತ್ತಿದ್ದೀಯ ಎಂದು ನಿಮ್ಮಪ್ಪ ಹೇಳಿದ. ಬಹಳ ಸಂತೋಷವಾಯಿತು. ಮಷಿನ್ ವಿಷಯದಲ್ಲಿ ನಾನು ನಿನಗೆ ಹೇಳಿಕೊಡುವುದು ಏನೂ ಇಲ್ಲ. ಆದರೆ ಈಚೆಗೆ ದಿಲ್ಲಿಯಲ್ಲಿ ಬದಲಾದ ನಿಯಮಗಳು ನಿನ್ನಂಥ ಜಾಬ್‌ವರ್ಕ್ ಶಾಪಿನ ಸಿಸಿ ಅಕೌಂಟಿಗೇ (ಬ್ಯಾಂಕಿನ ದಿನನಿತ್ಯದ ವಹಿವಾಟಿನ ಸಾಲದ ಖಾತೆಗೇ) ಬಂದು ತಟ್ಟುತ್ತಿವೆ. ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಇದನ್ನು ಒಮ್ಮೆ ಸಾವಕಾಶವಾಗಿ ಓದು.

ಮೊದಲು ಜಿಎಸ್‌ಟಿ. ಫೌಂಡ್ರಿಯಿಂದ ಬಂದ ಕಾಸ್ಟಿಂಗನ್ನು (ಎರಕದ ಭಾಗವನ್ನು) ಮಷಿನಿಂಗ್ ಮಾಡಿಕೊಡುವ ಕೆಲಸಕ್ಕೆ 12% ಇತ್ತು. 2025ರ ಸೆಪ್ಟೆಂಬರ್ 22ರಿಂದ 12ರ ಸ್ಲ್ಯಾಬ್ ತೆಗೆದರು, ಅದು 18ಕ್ಕೆ ಏರಿತು. ಕೆಲಸ ಕೊಡುವ ಪಾರ್ಟಿಗೆ ಇದರಿಂದ ನಷ್ಟವಿಲ್ಲ, ಅವರು ಕ್ರೆಡಿಟ್ ತೆಗೆದುಕೊಂಡು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಹೊಂದಿಸಿಕೊಳ್ಳುತ್ತಾರೆ. ಮುಂಚಿತವಾಗಿ ಕಟ್ಟುವವನು ನೀನು. ತಿಂಗಳಿಗೆ 5 ಲಕ್ಷ ಲೇಬರ್ ಬಿಲ್ ಆದರೆ 60,000 ಇದ್ದದ್ದು 90,000 ಆಯಿತು. ನಿನ್ನ ದೊಡ್ಡ ಖರ್ಚು ಕರೆಂಟ್ ಮತ್ತು ಸಂಬಳ; ಎರಡಕ್ಕೂ ಜಿಎಸ್‌ಟಿ ಇಲ್ಲವಾದ್ದರಿಂದ ಹೊಂದಿಸಿಕೊಳ್ಳಲು ನಿನಗೆ ಕ್ರೆಡಿಟ್ಟೂ ಕಡಿಮೆ. ಪಾರ್ಟಿ 90 ದಿನಕ್ಕೆ ದುಡ್ಡು ಕೊಡುವವನಾದರೆ ಮೂರು ತಿಂಗಳ ಕೂಲಿ 15 ಲಕ್ಷದ ಜೊತೆ ಸುಮಾರು ಎರಡೂವರೆ ಲಕ್ಷ ತೆರಿಗೆಯೂ ನಿನ್ನ ಕೈಯಿಂದಲೇ ಹೋಗಿರುತ್ತದೆ. ಬ್ಯಾಂಕಿನವರಿಗೆ ವರ್ಕಿಂಗ್ ಕ್ಯಾಪಿಟಲ್ ಲೆಕ್ಕ ಕೊಡುವಾಗ ಈ ತೆರಿಗೆಯನ್ನೂ ಸೇರಿಸಿ ಕೊಡು. ಬಹಳ ಜನ ಹಳೆಯ 12ರ ಲೆಕ್ಕದಲ್ಲೇ ಸಾಲದ ಲಿಮಿಟ್ ಕೇಳಿ ಆಮೇಲೆ ಒದ್ದಾಡುತ್ತಾರೆ.

ಇನ್ನು 45 ದಿನದ ನಿಯಮ. ಇದರ ಬಗ್ಗೆ ಮಾತು ಬಹಳ, ತಿಳಿದವರು ಕಡಿಮೆ. ಸಣ್ಣ ಉದ್ದಿಮೆಗೆ 45 ದಿನದೊಳಗೆ ದುಡ್ಡು ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆಯೇ ಹೇಳಿದೆ. ಬರಹದಲ್ಲಿ ಕರಾರು ಇಲ್ಲದಿದ್ದರೆ 15 ದಿನ. ಕರಾರಿದ್ದರೂ 45 ದಾಟುವಂತಿಲ್ಲ. ಪಿಒದಲ್ಲಿ (ಪಾರ್ಟಿ ಕೊಡುವ ಆರ್ಡರ್ ಕಾಗದದಲ್ಲಿ) '90 ದಿನ' ಎಂದು ಛಾಪಿಸಿದ್ದರೆ ಆ ಸಾಲಿಗೆ ಕಾನೂನಿನಲ್ಲಿ ಬೆಲೆಯಿಲ್ಲ. 2023ರ ಹಣಕಾಸು ಕಾಯ್ದೆ ಇದಕ್ಕೆ ಆದಾಯ ತೆರಿಗೆಯನ್ನು ಜೋಡಿಸಿತು: ಅವಧಿ ಮೀರಿದ ಬಾಕಿಯನ್ನು ಪಾರ್ಟಿ ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ, ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ತೋರಿಸಬಹುದು. ಇದೇ ಸೆಕ್ಷನ್ 43ಬಿ(ಎಚ್). 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ನಂಬರು ಬೇರೆ, ತಿರುಳು ಅದೇ.

ಬರಹದ ಕರಾರಿದೆ ಎಂದುಕೊಂಡು ಈಗ ತಾರೀಕು ನೋಡು. ಫೆಬ್ರವರಿ 10ಕ್ಕೆ ಮಾಲು ಒಪ್ಪಿಕೊಂಡರೆ 45 ದಿನ ಮಾರ್ಚ್ 27ಕ್ಕೆ ಮುಗಿಯುತ್ತದೆ. ಮಾರ್ಚ್ 31ರೊಳಗೆ ಕೊಡದಿದ್ದರೆ ಆ ಮೊತ್ತ ಪಾರ್ಟಿಯ ಲಾಭಕ್ಕೆ ಸೇರಿ ತೆರಿಗೆ ಬೀಳುತ್ತದೆ. ಮಾರ್ಚ್ 1ರ ಮಾಲಿಗೆ ಏಪ್ರಿಲ್ 15ರವರೆಗೆ ಸಮಯವಿದೆ. ಆದರೆ ಜೂನ್ ಬಿಲ್ಲನ್ನು ಡಿಸೆಂಬರಿಗೆ ಕೊಟ್ಟರೆ? ಅದೇ ವರ್ಷದೊಳಗೆ ಕೊಟ್ಟದ್ದರಿಂದ ಅವರ ತೆರಿಗೆಗೆ ಏನೂ ಆಗುವುದಿಲ್ಲ. ಅಂದರೆ ಈ ನಿಯಮಕ್ಕೆ ಹಲ್ಲು ಇರುವುದು ವರ್ಷದ ಕೊನೆಗೆ ಮಾತ್ರ. ಮಾರ್ಚಿನಲ್ಲಿ ದುಡ್ಡು ಹರಿದು ಬಂತೆಂದು ಅದೇ ಭರವಸೆಯ ಮೇಲೆ ಜೂನಿನ ಇಎಂಐ ಲೆಕ್ಕ ಹಾಕಬೇಡ.

ವರ್ಷದ ನಡುವೆ ಕೇಳಲು ಬೇರೆ ದಾರಿಗಳಿವೆ. ಪಾರ್ಟಿ ಕಂಪನಿಯಾಗಿದ್ದರೆ 45 ದಿನ ಮೀರಿದ ಬಾಕಿಯನ್ನು ಆರು ತಿಂಗಳಿಗೊಮ್ಮೆ ಎಂಎಸ್‌ಎಂಇ ಫಾರ್ಮ್-1ರಲ್ಲಿ ಕಂಪನಿ ರಿಜಿಸ್ಟ್ರಾರರಿಗೆ ತಿಳಿಸಬೇಕು. ಕೊನೆಯ ದಿನ ಅಕ್ಟೋಬರ್ 31 ಮತ್ತು ಏಪ್ರಿಲ್ 30. ಸೆಪ್ಟೆಂಬರ್ ಮೊದಲ ವಾರ ಅವರ ಅಕೌಂಟ್ಸ್ ವಿಭಾಗಕ್ಕೆ ಬಾಕಿ ಪಟ್ಟಿ ಕಳಿಸು. ಮಾತು ನಯವಾಗಿರಲಿ, ತಾರೀಕು ಸ್ಪಷ್ಟವಾಗಿರಲಿ. 180 ದಿನ ದಾಟಿದರೆ ಅವರು ತೆಗೆದುಕೊಂಡ ಜಿಎಸ್‌ಟಿ ಕ್ರೆಡಿಟ್ಟನ್ನೂ ವಾಪಸ್ ಮಾಡಬೇಕಾಗುತ್ತದೆ, ಅದನ್ನೂ ನೆನಪಿಸು. ಪಾರ್ಟಿಯ ವಹಿವಾಟು 250 ಕೋಟಿ ದಾಟಿದ್ದರೆ ಅವರು ಟ್ರೆಡ್ಸ್ ಎಂಬ ಆನ್‌ಲೈನ್ ಬಿಲ್ ವೇದಿಕೆಯಲ್ಲಿ ನೋಂದಾಯಿಸಿರಲೇಬೇಕು. ಅಲ್ಲಿ ಅವರು ನಿನ್ನ ಬಿಲ್ ಒಪ್ಪಿದರೆ ಬ್ಯಾಂಕು ಸ್ವಲ್ಪ ಬಡ್ಡಿ ಹಿಡಿದುಕೊಂಡು ಉಳಿದದ್ದನ್ನು ಬೇಗ ಕೊಡುತ್ತದೆ. ಆಮೇಲೆ ಪಾರ್ಟಿ ತಪ್ಪಿದರೂ ಬ್ಯಾಂಕು ನಿನ್ನನ್ನು ಕೇಳುವುದಿಲ್ಲ.

ಇದೆಲ್ಲ ನಡೆಯುವುದು ಕಾಗದ ಸರಿ ಇದ್ದರೆ ಮಾತ್ರ. ನಿನ್ನ ಉದ್ಯಮ್ ಸರ್ಟಿಫಿಕೇಟ್ (ಸಣ್ಣ ಉದ್ದಿಮೆಯ ಸರ್ಕಾರಿ ನೋಂದಣಿ ಪತ್ರ) ಇವತ್ತೇ ತೆಗೆದು ನೋಡು. ಚಟುವಟಿಕೆಯ ಜಾಗದಲ್ಲಿ ಏಜೆಂಟರು ಗಡಿಬಿಡಿಯಲ್ಲಿ 'ಟ್ರೇಡಿಂಗ್' ಎಂದು ಒತ್ತಿರುವುದುಂಟು. ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ಇದ್ದರೂ ಅದು ಬ್ಯಾಂಕ್ ಸಾಲದ ಆದ್ಯತೆಗೆ ಮಾತ್ರ. 45 ದಿನದ ರಕ್ಷಣೆ ಸಿಗುವುದು ತಯಾರಿಕೆ ಮತ್ತು ಸೇವೆಯ ಮೈಕ್ರೋ, ಸ್ಮಾಲ್ ಘಟಕಗಳಿಗೆ. ತಪ್ಪಿದ್ದರೆ ಪೋರ್ಟಲ್‌ನಲ್ಲಿ ನೀನೇ ತಿದ್ದಬಹುದು, ಪುಕ್ಕಟೆ, ಯಾರಿಗೂ ದುಡ್ಡು ಕೊಡಬೇಡ. ಮಾಲು ಕಳಿಸಿದ ಮೇಲೆ ಮಾಡಿಸಿದ ನೋಂದಣಿ ಹಳೆಯ ಬಿಲ್ಲಿಗೆ ನೆರವಾಗುತ್ತದೆಂದು ನಂಬಬೇಡ. 2021ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಲ್ಲ. ಉದ್ಯಮ್ ನಂಬರನ್ನು ಪ್ರತಿ ಬಿಲ್ಲಿನ ಮೇಲೂ ಛಾಪಿಸು.

ಎಲ್ಲಕ್ಕಿಂತ ಹೆಚ್ಚು ಜೋಪಾನ ಮಾಡಬೇಕಾದ್ದು ಡೆಲಿವರಿ ಚಲನ್. ದಿನ ಎಣಿಸುವುದು ಬಿಲ್ಲಿನ ತಾರೀಕಿನಿಂದ ಅಲ್ಲ, ಮಾಲು ಒಪ್ಪಿಕೊಂಡ ದಿನದಿಂದ. ಮಾಲು ಮುಟ್ಟಿದ 15 ದಿನದೊಳಗೆ ಪಾರ್ಟಿ ಬರಹದಲ್ಲಿ ತಕರಾರು ತೆಗೆಯದಿದ್ದರೆ ಮುಟ್ಟಿದ ದಿನವೇ ಒಪ್ಪಿಗೆಯ ದಿನ. ಬೋರ್ (ತೂತಿನ) ಸೈಜು ಸರಿಯಿಲ್ಲ ಎಂದು 40ನೇ ದಿನ ಫೋನಿನಲ್ಲಿ ಹೇಳಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಮುಟ್ಟಿದ ದಿನಕ್ಕೆ ಸಾಕ್ಷಿ ಬೇಕಲ್ಲ? ಗೇಟಿನ ಸೀಲು, ತಾರೀಕು, ಸಹಿ ಇರುವ ಚಲನ್ ಪ್ರತಿಯನ್ನು ಟೆಂಪೋ ಡ್ರೈವರನ ಕೈಯಿಂದ ಅದೇ ಸಂಜೆ ಇಸಿದುಕೊಂಡು ಫೋಟೋ ತೆಗೆದಿಡು. ಡ್ಯಾಶ್‌ಬೋರ್ಡಿನಲ್ಲಿ ಬಿಟ್ಟ ಚಲನ್ ಎಣ್ಣೆ ಹತ್ತಿ ಓದಲು ಬರದಂತಾಗುತ್ತದೆ.

ತಡವಾದರೆ ಆರ್‌ಬಿಐ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ, ನಿನಗೆ ಸಲ್ಲಬೇಕು. ದೂರು ಕೊಡಲು ಸರ್ಕಾರದ ಆನ್‌ಲೈನ್ ಪೋರ್ಟಲ್ ಇದೆ. ಆದರೆ ನಿನ್ನ ಅರ್ಧ ಕೆಲಸ ಕೊಡುವ ಪಾರ್ಟಿಯ ಮೇಲೆ ಅಲ್ಲಿಗೆ ಹೋದರೆ ಮರುದಿನ ಕಾಸ್ಟಿಂಗ್ ಬರುವುದಿಲ್ಲ, ಇದನ್ನು ತಿಳಿದೇ ಹೆಜ್ಜೆ ಇಡು. ಆದ್ದರಿಂದಲೇ ಒಂದೇ ಪಾರ್ಟಿಗೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಸ್ಪಿಂಡಲ್ ಸಮಯ (ಮಷಿನ್ ಓಡುವ ಸಮಯ) ಕೊಡಬೇಡ ಎನ್ನುತ್ತೇನೆ. 2024ರಲ್ಲಿ ಕೆಲವು ದೊಡ್ಡವರು ಉದ್ಯಮ್ ರದ್ದು ಮಾಡಿಸು ಎಂದು ಸಣ್ಣವರ ಮೇಲೆ ಒತ್ತಡ ಹಾಕಿದ್ದುಂಟು. ಯಾರಾದರೂ ಹಾಗೆ ಕೇಳಿದರೆ ಒಪ್ಪಲೇಬೇಡ ತಮ್ಮಾ. ಬೇಕಾದರೆ ದರದಲ್ಲಿ ಅರ್ಧ ಪರ್ಸೆಂಟ್ ಬಿಡು.

ಇದೇ ನಿಯಮ ನಿನ್ನ ಮೇಲೂ ಇದೆ. ಹೀಟ್ ಟ್ರೀಟ್‌ಮೆಂಟ್ ಮಾಡಿಕೊಡುವವರು, ಫಿಕ್ಸ್‌ಚರ್ ಕಟ್ಟಿಕೊಡುವವರು ನಿನಗಿಂತ ಸಣ್ಣವರು. ಅವರ ಉದ್ಯಮ್ ಪ್ರತಿ ತರಿಸಿ ಫೈಲಿನಲ್ಲಿ ಇಡು, ಮಾರ್ಚ್ 20ರೊಳಗೆ ಅವರ ಬಾಕಿ ತೀರಿಸು. ಇನ್‌ಸರ್ಟ್ (ಮಷಿನ್ನಿನ ಕೊರೆಯುವ ಅಲಗು) ಅಂಗಡಿಯವರು ವ್ಯಾಪಾರಿಗಳಾದ್ದರಿಂದ ಇದರಲ್ಲಿ ಬರುವುದಿಲ್ಲ, ಆದರೂ ಅವರನ್ನು ಕಾಯಿಸಬೇಡ.

ಈ ಭಾನುವಾರ ನಿನ್ನ ಎಲ್ಲ ಪಾರ್ಟಿಗಳ ಬಾಕಿಯನ್ನು ಮಾಲು ಮುಟ್ಟಿದ ತಾರೀಕಿನ ಪ್ರಕಾರ ಒಂದು ಹಾಳೆಯಲ್ಲಿ ಬರೆದು ನನಗೆ ಕಳಿಸು. ಅದನ್ನು ನೋಡಿದ ಮೇಲೆ ಮಷಿನ್ ಸಾಲದ ಕಂತು ಎಷ್ಟಿರಬೇಕೆಂದು ಮಾತಾಡೋಣ. ಅಲ್ಲಿಯವರೆಗೆ ಅಡ್ವಾನ್ಸ್ ಕಟ್ಟಬೇಡ.

ಇಂತಿ,
ನಿನ್ನ ದೊಡ್ಡಪ್ಪ