ಸಮುದ್ರದ ನೀರು ಕಳಿಸುವುದಿಲ್ಲ, ಮಗಳೇ

ಪ್ರೀತಿಯ ಪುಟ್ಟಿ,

ಉಪ್ಪುನೀರಿನ ಅಕ್ವೇರಿಯಂ ಮಾಡ್ತೀನಿ, ಬಸ್ಸಿಗೆ ನಾಲ್ಕು ಕ್ಯಾನ್ ಸಮುದ್ರದ ನೀರು ಹಾಕಿ ಕಳಿಸಪ್ಪ ಅಂದೆಯಲ್ಲ, ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ.

ನೀರು ಕಳಿಸುವುದಿಲ್ಲ. ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವ ಜಾಗ ನೋಡುತ್ತಲೇ ಬೆಳೆದವಳು ನೀನು. ಮಳೆಗಾಲದಲ್ಲಿ ಅಲ್ಲಿ ನೀರೆಲ್ಲ ಕೆಂಪು, ಉಪ್ಪೂ ಕಡಿಮೆ. ಬೇಸಿಗೆಯಲ್ಲಿ ತಿಳಿಯಾಗಿ ಕಂಡರೂ ಬೋಟಿನ ಡೀಸೆಲ್ಲು, ಊರಿನ ಚರಂಡಿ ನೀರು ಎಲ್ಲ ಬಂದು ಸೇರುವುದು ದಡಕ್ಕೇ ಅಲ್ವಾ? ಬೆಂಗಳೂರಲ್ಲೇ ನೀರು ತಯಾರು ಮಾಡಿಕೋ. ಅಕ್ವೇರಿಯಂಗೆ ಅಂತಲೇ ಮಾರುವ ಸಮುದ್ರದ ಉಪ್ಪು ಸಿಗುತ್ತದೆ, ಲೀಟರಿಗೆ 35ರಿಂದ 40 ಗ್ರಾಂ ಬೇಕಾಗುತ್ತದೆ. ಅಡುಗೆ ಉಪ್ಪು ಆಗುವುದಿಲ್ಲ, ಸಮುದ್ರದಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರಲ್ಲಿಲ್ಲ. ನೀರಿನ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಒಂದು ತೆಗೆದುಕೊಂಡು ನೋಡು, ಸಾಪೇಕ್ಷ ಸಾಂದ್ರತೆ (ಸಿಹಿನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವ ಲೆಕ್ಕ) 1.025ರ ಆಸುಪಾಸು ಬಂದರೆ ಸಾಕು. ಬೋರ್‌ವೆಲ್ ನೀರು ಬೇಡ. ಕುಡಿಯುವ ನೀರಿನ ಫಿಲ್ಟರುಗಳಲ್ಲೂ ರುಚಿಗೆ ಅಂತ ಸ್ವಲ್ಪ ಲವಣ ಉಳಿಸುವುದು ಜಾಸ್ತಿ, ಆದ್ದರಿಂದ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣದ ಅಳತೆ) ಸೊನ್ನೆಗೆ ಇಳಿಸುವ ಆರ್‌ಓ-ಡಿಐ ಅನ್ನುವ ಶುದ್ಧೀಕರಣ ಘಟಕದ ನೀರೇ ಒಳ್ಳೆಯದು.

ಈಗ ನಿನಗೆ ಇಷ್ಟವಾಗದ ಮಾತು. ನೀರು ತುಂಬಿ, ಮರಳು ಕಲ್ಲು ಜೋಡಿಸಿ, ಪಂಪು ಹೀಟರು ಎಲ್ಲ ಹಾಕಿದ ಮೇಲೂ ನಾಲ್ಕರಿಂದ ಆರು ವಾರ ಒಂದು ಮೀನೂ ಬಿಡಬಾರದು. ಮೀನಿನ ಉಸಿರಿನಿಂದ, ಹೇಲಿನಿಂದ, ಉಳಿದ ಆಹಾರದಿಂದ ಅಮೋನಿಯಾ ಬರುತ್ತದೆ, ಅದು ಮೀನಿನ ಕಿವಿರು ಸುಡುವ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಈ ನೈಟ್ರೇಟ್ ಸ್ವಲ್ಪ ಇದ್ದರೆ ಮೀನು ತಡೆದುಕೊಳ್ಳುತ್ತದೆ. ಈ ಬ್ಯಾಕ್ಟೀರಿಯಾ ಎರಡೂ ಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ ಮನೆ ಮಾಡಬೇಕು, ನಿಧಾನಕ್ಕೆ ಹೆಚ್ಚಬೇಕು, ಅದಕ್ಕೇ ಅಷ್ಟು ವಾರ. ಅವುಗಳ ಊಟಕ್ಕೆ ಒಂದು ತುಂಡು ಹಸಿ ಸಿಗಡಿ ಹಾಕಿ ಕೊಳೆಯಲು ಬಿಟ್ಟರೆ ಸಾಕು (ವಾಸನೆ ಬರುತ್ತದೆ, ಕಿಟಕಿ ತೆಗೆದಿಡು). ಟೆಸ್ಟ್ ಕಿಟ್‌ನಲ್ಲಿ ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದು ಅಲ್ಲೇ ನಿಂತರೆ ನಿನ್ನ ಟ್ಯಾಂಕ್ ತಯಾರು. ನಡುವೆ ಮರಳಿನ ಮೇಲೆ ಕಂದು ಪಾಚಿ ಹಬ್ಬುತ್ತದೆ. ಹೆದರಬೇಡ, ಹೊಸ ಟ್ಯಾಂಕಿನಲ್ಲಿ ಅದು ಇದ್ದದ್ದೇ, ತಾನಾಗಿ ಹೋಗುತ್ತದೆ. ಅಂಗಡಿಯವರು ಇವತ್ತೇ ಮೀನು ಬಿಡಬಹುದು ಅಂದರೆ ಕೇಳಬೇಡ. ಸಾಯುವುದು ಮೀನು, ಅವರಿಗೇನೂ ಆಗುವುದಿಲ್ಲ.

ಮೊದಲ ಮೀನು ಕ್ಲೌನ್ ಮೀನೇ ಇರಲಿ, ಒಂದು ಜೋಡಿ. ಅದಕ್ಕೆ ಅನಿಮೋನ್ (ಸಮುದ್ರದಲ್ಲಿ ಅದು ಆಸರೆ ಪಡೆಯುವ, ಹೂವಿನಂತೆ ಕಾಣುವ ಜೀವಿ) ಬೇಕೇ ಬೇಕು ಅನ್ನುವುದು ಸುಮ್ನೆ. ಎಲ್ಲ ಕ್ಲೌನ್ ಮೀನುಗಳೂ ಗಂಡಾಗಿ ಹುಟ್ಟುತ್ತವೆ, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ, ಆದ್ದರಿಂದ ಒಂದು ದೊಡ್ಡದು ಒಂದು ಚಿಕ್ಕದು ಆರಿಸು. ಸಾಕಣೆಯಲ್ಲೇ ಹುಟ್ಟಿದ ಮೀನು ಕೇಳಿ ತೆಗೆದುಕೋ. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನಿನ ಮರಿ ಮಾಡಿಸುವ ಕ್ರಮವನ್ನು ನಮ್ಮ ದೇಶದಲ್ಲೇ ಕಂಡುಕೊಂಡಿದ್ದಾರೆ, ಹೀಗಿರುವಾಗ ಸಮುದ್ರದಿಂದ ಹಿಡಿದು ತಂದದ್ದು ಯಾಕೆ ಬೇಕು? ನೀನು ಕೇಳಿದ ಆ ನೀಲಿ ಟ್ಯಾಂಗ್ ಬೇಡವೇ ಬೇಡ, ಅದು ಒಂದು ಅಡಿಯವರೆಗೂ ಬೆಳೆಯುತ್ತದೆ, ನಿನ್ನ 120 ಲೀಟರಿನಲ್ಲಿ ಅದಕ್ಕೆ ತಿರುಗಲೂ ಜಾಗವಿಲ್ಲ.

ಹವಳದ ವಿಷಯದಲ್ಲಿ ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಸಮುದ್ರದ ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಲೈವ್ ರಾಕ್ ಅಂತ ಮಾರುವ ಕಲ್ಲೂ ಎಷ್ಟೋ ಸಲ ಹವಳದ ತುಂಡೇ ಆಗಿರುತ್ತದೆ. ಮುರುಡೇಶ್ವರದ ಎದುರು ನೇತ್ರಾಣಿಯ ಸುತ್ತ ಹವಳ ಇದೆಯಲ್ಲ, ಅಂಥ ಜಾಗದಿಂದ ಕಿತ್ತು ತಂದದ್ದು ನಮ್ಮ ಮನೆಗೆ ಬರಬಾರದು. ಕೃತಕ ಸೆರಾಮಿಕ್ ಕಲ್ಲು ಸಿಗುತ್ತದೆ, ಬ್ಯಾಕ್ಟೀರಿಯಾಕ್ಕೆ ಅಷ್ಟು ಸಾಕು.

ಆಮೇಲಿನ ಕೆಲಸ ಜಾಸ್ತಿ ಇಲ್ಲ. ನೀರು ಆವಿಯಾದಾಗ ಉಪ್ಪು ಹೋಗುವುದಿಲ್ಲ, ಆದ್ದರಿಂದ ಕಡಿಮೆಯಾದಷ್ಟು ಸಿಹಿನೀರನ್ನೇ ತುಂಬು, ಉಪ್ಪುನೀರು ಹಾಕಿದರೆ ದಿನದಿಂದ ದಿನಕ್ಕೆ ಉಪ್ಪು ಏರುತ್ತದೆ. ವಾರಕ್ಕೊಮ್ಮೆ ಹತ್ತನೇ ಒಂದು ಭಾಗ ಬದಲಿಸುವಾಗ ಮಾತ್ರ ಉಪ್ಪುನೀರು. ಕರೆಂಟ್ ಹೋದಾಗ ಪಂಪು ನಿಂತರೆ ಆಮ್ಲಜನಕ ಬೇಗ ಕಡಿಮೆಯಾಗುತ್ತದೆ, ಬ್ಯಾಟರಿಯ ಒಂದು ಏರ್ ಪಂಪ್ ಮೊದಲೇ ತಂದಿಟ್ಟುಕೋ. ಮೀನಿಗೆ ಔಷಧ ಅಂತ ಯಾರಾದರೂ ತಾಮ್ರದ ದ್ರಾವಣ ಕೊಟ್ಟರೆ ದೊಡ್ಡ ಟ್ಯಾಂಕಿಗೆ ಹಾಕಬೇಡ, ಮುಂದೆ ಸಿಗಡಿ ಸಾಕಿದರೆ ಆ ತಾಮ್ರದಿಂದ ಸಿಗಡಿ ಸಾಯುತ್ತದೆ.

ಟ್ಯಾಂಕ್ ಇಡುವ ಜಾಗದ ಫೋಟೋ ಕಳಿಸು. ನೀರು, ಕಲ್ಲು, ಗಾಜು, ಸ್ಟ್ಯಾಂಡ್ ಸೇರಿ 150 ಕೆಜಿ ಮೀರುತ್ತದೆ, ಮನೆ ಮಾಲೀಕರಿಗೂ ಒಂದು ಮಾತು ಹೇಳು. ರಿಫ್ರಾಕ್ಟೋಮೀಟರಿನ ದುಡ್ಡು ನಾನು ಹಾಕುತ್ತೇನೆ.

ನಿನ್ನ ಅಪ್ಪ