ಕಂಡಕ್ಟರ್ ಮೇಷ್ಟ್ರ ಬಗ್ಗೆ ನೀನು ಕೇಳಿದ್ದಕ್ಕೆ

ಪ್ರೀತಿಯ ಗೆಳೆಯಾ,

ಮೈಸೂರಿನಲ್ಲಿ ನಿಮ್ಮ ಬಡಾವಣೆಯವರನ್ನೆಲ್ಲ ಸೇರಿಸಿಕೊಂಡು ಒಂದು ವಾದ್ಯವೃಂದ ಕಟ್ಟಲು ಹೊರಟಿದ್ದೀಯ ಅಂತ ಓದಿ ಖುಷಿಯಾಯಿತು. "ಸಿಂಗಪುರದಲ್ಲಿ ಗಲ್ಲಿಗೊಂದು ಚೀನೀ ಆರ್ಕೆಸ್ಟ್ರಾ ಇದೆಯಂತಲ್ಲ, ಅದರ ಮುಂದೆ ಕೋಲು ಹಿಡಿದು ನಿಲ್ಲುವ ಕಂಡಕ್ಟರ್ ಯಾರು, ಅವರು ಹೇಗೆ ನಡೆಸುತ್ತಾರೆ?" ಅಂತ ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಹಾಗೆ ಇನ್ನೂ ಯಾರಿಗಾದರೂ ಬೇಕಾದೀತು ಅಂತ ಎಲ್ಲರೂ ಓದುವ ಹಾಗೆ ಹಾಕಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ಗಲ್ಲಿಗೊಂದು ಇಲ್ಲ ಮಾರಾಯ. ಆದರೆ ಕಡಿಮೆಯೂ ಇಲ್ಲ. ಮಗಳು ಶಾಲೆಯ ತಂಡದಲ್ಲಿ ರುವಾನ್ ನುಡಿಸುತ್ತಿದ್ದಳು. ಚಂದ್ರನ ಹಾಗೆ ದುಂಡಗಿರುವ ತಂತಿವಾದ್ಯ ಅದು. ಶಾಲೆ ಮುಗಿದ ಮೇಲೆ ನಮ್ಮ ಕಮ್ಯುನಿಟಿ ಕ್ಲಬ್ಬಿನ ತಂಡಕ್ಕೆ ಸೇರಿಕೊಂಡಳು. ಅವಳನ್ನು ಬಿಡಲು ಹೋಗಿ, ಕುರ್ಚಿ ಎತ್ತಿಡಲು ನಿಂತು, ಈಗ ನಾನೂ ಅಲ್ಲಿಯ ಒಂದು ಕುರ್ಚಿಯಾಗಿದ್ದೇನೆ.

ಹವ್ಯಾಸಿ ಸಂಗೀತ ಇಲ್ಲಿಗೆ ಹೊಸದಲ್ಲ. ದಕ್ಷಿಣ ಚೀನಾ ಮೂಲದ ತಿಯೋಚು ಜನರ ಎರ್ ವೂ ಸಂಘ 1912ರಷ್ಟು ಹಳೆಯದು, ಥಾವ್ ಯಾಂಗ್ ಸಂಘ 1931ರದ್ದು. ಆದರೆ ಐವತ್ತು ಅರವತ್ತು ಜನ ಅರ್ಧ ಚಂದ್ರಾಕಾರದಲ್ಲಿ ಕೂತು, ಮುಂದೊಬ್ಬರು ಕೋಲು ಹಿಡಿದು ನಿಲ್ಲುವ ಏರ್ಪಾಡು ಮಾತ್ರ ಇಪ್ಪತ್ತನೇ ಶತಮಾನದ್ದು. ಅದು ಪಾಶ್ಚಾತ್ಯ ಸಿಂಫನಿ ನೋಡಿ ಕಟ್ಟಿದ್ದು. ಶಾಂಘೈಯಲ್ಲಿ 1920ರಲ್ಲಿ ದಾತೊಂಗ್ ಸಂಗೀತ ಸಂಘ ಶುರುವಾಯಿತು, 1935ರಲ್ಲಿ ನಾನ್‌ಜಿಂಗ್ ರೇಡಿಯೋದವರು ಒಂದು ವೃಂದ ಕಟ್ಟಿದರು, 1953ರಲ್ಲಿ ಬೀಜಿಂಗ್ ರೇಡಿಯೋದ್ದು ಬಂತು. ನಮ್ಮ ಆಕಾಶವಾಣಿ ರವಿಶಂಕರ್ ಕೈಗೆ ವಾದ್ಯವೃಂದ ಕೊಟ್ಟದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ, 1952ರಲ್ಲಿ. ರೇಡಿಯೋಗೆ ಎಲ್ಲ ಕಡೆಯೂ ಒಂದೇ ಹಸಿವಿತ್ತು ಅಂತ ಕಾಣುತ್ತದೆ.

ಸಿಂಗಪುರದಲ್ಲಿ ಕಮ್ಯುನಿಟಿ ಸೆಂಟರುಗಳನ್ನು ನೋಡಿಕೊಳ್ಳುವ ಪೀಪಲ್ಸ್ ಅಸೋಸಿಯೇಷನ್ 1968ರಲ್ಲಿ ತನ್ನದೇ ಚೀನೀ ಆರ್ಕೆಸ್ಟ್ರಾ ಶುರುಮಾಡಿತು. ಸಂಬಳ ಕೊಟ್ಟು ನಡೆಸುವ ಸಿಂಗಪುರ ಚೈನೀಸ್ ಆರ್ಕೆಸ್ಟ್ರಾ ಬಂದದ್ದು 1997ರಲ್ಲಿ. ಅದರ ಕಲಾವಿದರಲ್ಲಿ ಹಲವರು ಬಿಡುವಿನಲ್ಲಿ ಶಾಲೆಗಳಲ್ಲಿ, ಕ್ಲಬ್ಬುಗಳಲ್ಲಿ ಕಲಿಸುತ್ತಾರೆ. ಮೇಲಿನ ವೃಂದಕ್ಕೂ ಕೆಳಗಿನ ವೃಂದಕ್ಕೂ ಓಡಾಟ ಇರುವುದು ಹೀಗೆ. 2014ರಲ್ಲಿ ಎಲ್ಲರನ್ನೂ ಒಂದೇ ಕ್ರೀಡಾಂಗಣದಲ್ಲಿ ಕೂರಿಸಿದಾಗ ನಾಲ್ಕು ಸಾವಿರಕ್ಕೂ ಹೆಚ್ಚು ಜನ ನುಡಿಸಿದರು, ಗಿನ್ನೆಸ್ ದಾಖಲೆಯೂ ಆಯಿತು. ದಾಖಲೆ ಇರಲಿ ಬಿಡು, ಅಷ್ಟು ಜನ ವಾದ್ಯ ಹಿಡಿಯಬಲ್ಲವರು ಇದ್ದರು ಅನ್ನುವುದೇ ನನಗೆ ದೊಡ್ಡದು.

ಈಗ ನೀನು ಕೇಳಿದ ವಿಷಯ, ಕಂಡಕ್ಟರ್.

ನಮ್ಮ ತಂಡದ ಕಂಡಕ್ಟರನ್ನು ಎಲ್ಲರೂ "ಲಾವ್‌ಶಿ" ಅಂತಾರೆ, ಅಂದರೆ ಮೇಷ್ಟ್ರು. ನಾನೂ ಹಾಗೇ ಕರೆಯುತ್ತೇನೆ. ಕೋಲು ಆಡಿಸುವುದು ಅವರ ಕೆಲಸದಲ್ಲಿ ಕಾಲು ಭಾಗ ಇರಬಹುದು, ಅಷ್ಟೇ. ಉಳಿದ ಮುಕ್ಕಾಲು ಭಾಗ ಯಾರು ಬಂದಿದ್ದಾರೋ ಅವರಿಗೆ ತಕ್ಕ ಹಾಗೆ ಸಂಗೀತವನ್ನು ಹೊಲಿದುಕೊಡುವುದು. ಅಚ್ಚಾದ ಪ್ರತಿಯಲ್ಲಿ ಗಾವ್‌ಹು, ಅರ್ಹು, ಝೊಂಗ್‌ಹು ಅಂತ ಮೂರು ಗಾತ್ರದ ಪಿಟೀಲು ಜಾತಿಯ ವಾದ್ಯಗಳಿಗೆ ಬೇರೆ ಬೇರೆ ಸಾಲು ಇರುತ್ತದೆ. ಬರುವವರೋ, ಅರ್ಹುಗೆ ಸಾಲುಸಾಲು ಜನ, ಝೊಂಗ್‌ಹುಗೆ ಒಬ್ಬ ಅಜ್ಜ. ಅಜ್ಜನಿಗೆ ಆ ವಾರ ಮಂಡಿನೋವು ಬಂದರೆ ಮುಗಿಯಿತು. ಆಗ ಮೇಷ್ಟ್ರು ಪೆನ್ಸಿಲ್ ತೆಗೆದು ಆ ಸಾಲನ್ನು ಅಲ್ಲೇ ರುವಾನ್‌ನವರಿಗೆ ಬರೆದುಕೊಡುತ್ತಾರೆ. ಮಂದ್ರಕ್ಕಂತೂ ದೊಡ್ಡ ವೃಂದಗಳೇ ಹೆಚ್ಚಾಗಿ ಚೆಲ್ಲೋ, ಡಬಲ್ ಬಾಸ್ ಇಟ್ಟುಕೊಂಡಿವೆ. ಚೀನೀ ವಾದ್ಯಗಳಲ್ಲಿ ಆ ತಳಪಾಯ ತೆಳು. ಇದಕ್ಕೆ ಅವರು ನಾಚಿಕೆಪಡುವುದಿಲ್ಲ, ನೀನೂ ಪಡಬೇಡ.

ಶ್ರುತಿ ಸೇರಿಸುವುದು ಇನ್ನೊಂದು ಕಥೆ. ಅರ್ಹುವಿನ ಪುಟ್ಟ ಬುರುಡೆಗೆ ಹೆಬ್ಬಾವಿನ ಚರ್ಮ ಬಿಗಿದಿರುತ್ತದೆ. ಸಿಂಗಪುರದ ಸೆಕೆಯಲ್ಲಿ ಅದು ಸಡಿಲವಾಗುತ್ತದೆ, ಎಸಿ ಕೋಣೆಗೆ ಬಂದರೆ ಮತ್ತೆ ಬಿಗಿಯುತ್ತದೆ. ಬಸ್ಸಿನಿಂದ ಇಳಿದು ಬಂದವನ ಶ್ರುತಿ ಅರ್ಧ ಗಂಟೆಯಲ್ಲಿ ಬೇರೆಯೇ ಆಗಿರುತ್ತದೆ. (ಹಾಂಗ್‌ಕಾಂಗ್ ಚೈನೀಸ್ ಆರ್ಕೆಸ್ಟ್ರಾದವರು ಹಾವಿನ ಚರ್ಮ ಬಿಟ್ಟು ಪ್ಲಾಸ್ಟಿಕ್ ಪೊರೆಯ ವಾದ್ಯ ಮಾಡಿಕೊಂಡಿದ್ದಾರೆ, ಹಾವಿಗೂ ನೆಮ್ಮದಿ.) ಯಾಂಗ್‌ಚಿನ್ ನಮ್ಮ ಸಂತೂರಿನ ನೆಂಟ, ನೂರಕ್ಕೂ ಜಾಸ್ತಿ ತಂತಿ. ಅದನ್ನು ನುಡಿಸುವಾಕೆ ಎಲ್ಲರಿಗಿಂತ ಮೊದಲು ಬಂದು ಟಿಣ್ ಟಿಣ್ ಅಂತ ಒಂದೊಂದೇ ಮುಟ್ಟುತ್ತಾ ಕೂತಿರುತ್ತಾಳೆ. ಇಡೀ ವೃಂದಕ್ಕೆ ಶ್ರುತಿ ಕೊಡುವುದು ಶೆಂಗ್. ಬಿದಿರಿನ ಕೊಳವೆಗಳ ಗೊಂಚಲು, ಒಳಗೆ ಲೋಹದ ನಾಲಿಗೆ, ಹಾರ್ಮೋನಿಯಂನ ಹಾಗೆ. ಸೆಕೆಗೆ ಅಷ್ಟಾಗಿ ಜಗ್ಗುವುದಿಲ್ಲ. ನಿನ್ನ ವೃಂದದಲ್ಲೂ ಶ್ರುತಿ ಯಾರ ಹತ್ತಿರ ತಗೊಳ್ಳಬೇಕು ಅಂತ ಮೊದಲ ದಿನವೇ ಗೊತ್ತುಮಾಡು. ಇಲ್ಲದಿದ್ದರೆ ಪ್ರತಿ ಸಲ ಜಗಳ.

ಅಭ್ಯಾಸಕ್ಕೆ ಮುಂಚೆ ಪೀಪಾ ಅನ್ನುವ ಮೀಟುವ ತಂತಿವಾದ್ಯದ ಹುಡುಗಿಯರ ಸಾಲು ನೋಡಬೇಕು ನೀನು. ಬಲಗೈಯ ಐದು ಬೆರಳಿಗೂ ಕೃತಕ ಉಗುರು ಇಟ್ಟು ಟೇಪು ಸುತ್ತಿಕೊಳ್ಳುತ್ತಾರೆ. ಟೇಪನ್ನು ಮೊದಲೇ ತುಂಡು ಮಾಡಿ ಸ್ಟ್ಯಾಂಡಿನ ಅಂಚಿಗೆ ಸಾಲಾಗಿ ಅಂಟಿಸಿರುತ್ತಾರೆ. ಹೆಬ್ಬೆರಳಿನದು ಕೊನೆಗೆ. ಅದನ್ನು ಕಟ್ಟಿಕೊಂಡ ಮೇಲೆ ಫೋನ್ ಮುಟ್ಟಲು ಆಗುವುದಿಲ್ಲ, ಹಾಗಾಗಿ ಶಿಸ್ತು ತಾನಾಗೇ ಬರುತ್ತದೆ!

ನಿಜ ಹೇಳಬೇಕೆಂದರೆ ವೃಂದ ನಡೆಸುವವರು ಮೇಷ್ಟ್ರೊಬ್ಬರೇ ಅಲ್ಲ, ಪ್ರತಿ ಸಾಲಿನ ಮುಂದೆ ಕೂತವರು. ಅರ್ಹುವಿನ ಕಮಾನಿನ ಕೂದಲು ಎರಡು ತಂತಿಗಳ ನಡುವೆ ಸಿಕ್ಕಿಕೊಂಡೇ ಇರುತ್ತದೆ. ಕಮಾನು ಎಳೆಯುವುದಾ, ತಳ್ಳುವುದಾ ಅಂತ ಸಾಲಿನ ನಾಯಕಿ ಹೇಳದಿದ್ದರೆ ಹದಿನೈದು ಕೈ ಹದಿನೈದು ದಿಕ್ಕಿಗೆ. ಅವಳು ದಿಕ್ಕು ಗುರುತು ಹಾಕಿ, ಹಿಂದಿನವರಿಗೆಲ್ಲ ಫೋಟೋ ಕಳಿಸುತ್ತಾಳೆ. ಹಗಲು ಹೊತ್ತು ಅವಳು ದಂತವೈದ್ಯೆ. ನುಡಿಸಲು ಶುರುಮಾಡುವ ಮುಂಚೆ ಕೇಳುವ ಹಾಗೆ ಒಂದು ಉಸಿರು ಎಳೆದುಕೊಳ್ಳುತ್ತಾಳೆ, ಇಡೀ ಸಾಲು ಆ ಉಸಿರಿನ ಮೇಲೆ ಎದ್ದು ಬರುತ್ತದೆ. ಒಮ್ಮೆ ಮೇಷ್ಟ್ರು ಕೋಲನ್ನು ಕೆಳಗಿಟ್ಟು, ಕೈ ಕಟ್ಟಿ ನಿಂತು, "ನನ್ನನ್ನು ನೋಡಬೇಡಿ, ಅವಳನ್ನು ಕೇಳಿ" ಅಂದರು. "ಯಾವೋ ಜನರ ನೃತ್ಯ" ಅಂತ ಒಂದು ಕೃತಿ, ಪೆಂಗ್ ಶಿಯುವೆನ್ ಈ ವಾದ್ಯಗಳಿಗೆ ಅಳವಡಿಸಿದ್ದು. ಇಲ್ಲಿ ಅದು ಗೊತ್ತಿಲ್ಲದ ಆರ್ಕೆಸ್ಟ್ರಾ ಹುಡುಗ ಸಿಗುವುದು ಕಷ್ಟ. ನಡುವೆ ತಾಳ ಮೂರಕ್ಕೆ ತಿರುಗುವ ಜಾಗದಲ್ಲಿ ಪ್ರತಿ ಸಲ ಬಂಡಿ ಹಳ್ಳಕ್ಕೆ ಬೀಳುತ್ತಿತ್ತು. ಆ ದಿನ ಕೋಲಿಲ್ಲದೆ ದಾಟಿದರು.

ಕಂಡಕ್ಟರಾಗಲು ಒಂದೇ ದಾರಿ ಅಂತೇನೂ ಇಲ್ಲ. ಸಿಂಗಪುರ ಚೈನೀಸ್ ಆರ್ಕೆಸ್ಟ್ರಾವನ್ನು 2002ರಿಂದ ಎರಡು ದಶಕ ನಡೆಸಿದ ತ್ಸುಂಗ್ ಯೇ ಅದೇ ಹೊತ್ತಿನಲ್ಲಿ ಎಷ್ಟೋ ವರ್ಷ ಅಮೆರಿಕದ ಸೌತ್ ಬೆಂಡ್ ಸಿಂಫನಿಯನ್ನೂ ನಡೆಸುತ್ತಿದ್ದರು. ಅವರ ನಂತರ 2023ರಲ್ಲಿ ಪ್ರಧಾನ ಕಂಡಕ್ಟರ್ ಆದ ಕ್ವೆಕ್ ಲಿಂಗ್ ಕಿಯೊಂಗ್ ತಾಳವಾದ್ಯದವರು, ಅದೇ ವೃಂದದ ಹಿಂದಿನ ಸಾಲಿನಿಂದ ಮುಂದೆ ಬಂದವರು. ನನ್ನ ಮಟ್ಟಿಗೆ ಎರಡನೆಯ ದಾರಿಯೇ ನಿನಗೆ ಹೊಂದುತ್ತದೆ. ಹಿಂದೆ ಕೂತು ಎಲ್ಲರನ್ನೂ ಕೇಳಿದವನಿಗೆ ಯಾರು ಎಲ್ಲಿ ತಡವರಿಸುತ್ತಾರೆ ಅಂತ ಗೊತ್ತಿರುತ್ತದೆ. ನಿನ್ನ ಮೃದಂಗದ ಗೆಳೆಯನನ್ನೇ ಯಾಕೆ ನಿಲ್ಲಿಸಬಾರದು?

ನಿನಗೆ ಇಷ್ಟವಾಗುವ ಒಂದು ಸಂಗತಿ ಹೇಳುತ್ತೇನೆ. ಇಲ್ಲಿಯ ಎಷ್ಟೋ ಜನ ಓದುವುದು ಅಂಕಿಗಳಲ್ಲಿ ಬರೆದ ಸ್ವರ. 1 ಅಂದರೆ ನಮ್ಮ ಸ, 2 ರಿ, 3 ಗ. ಮೇಲಿನ ಸ್ಥಾಯಿಗೆ ತಲೆಯ ಮೇಲೆ ಚುಕ್ಕಿ, ಕೆಳಗಿನದಕ್ಕೆ ಕೆಳಗೆ ಚುಕ್ಕಿ. ವೇಗ ದುಪ್ಪಟ್ಟಾದರೆ ಅಂಕಿಯ ಕೆಳಗೆ ಗೆರೆ. 1 ಯಾವ ಶ್ರುತಿ ಅಂತ ಪುಟದ ತಲೆಯಲ್ಲೇ ಬರೆದಿರುತ್ತದೆ. ಚಿಕ್ಕಂದಿನಲ್ಲಿ ಸರಳೆ ವರಸೆ ಕಲಿತ ನನಗೆ ಮಗಳ ಹಾಳೆ ನೋಡಿ ಹಾಡುವುದು ಕಷ್ಟವೇ ಆಗಲಿಲ್ಲ. ನಿನ್ನವರಿಗೂ ಐದು ಗೆರೆಯ ಪಾಶ್ಚಾತ್ಯ ಸ್ಟಾಫ್ ನೊಟೇಷನ್ ಕಲಿಸುತ್ತಾ ಕೂರಬೇಡ, ಸರಿಗಮದಲ್ಲೇ ಹಾಳೆ ಮಾಡು.

ಕಷ್ಟಗಳೂ ಇವೆ. ಹುಡುಗರು ಹದಿನೆಂಟಾದ ಮೇಲೆ ಎರಡು ವರ್ಷ ಕಡ್ಡಾಯ ಸೈನ್ಯಕ್ಕೆ ಹೋಗುತ್ತಾರೆ. ಕಷ್ಟಪಟ್ಟು ತಯಾರು ಮಾಡಿದ, ಸುವೊನಾ ಅನ್ನುವ ವಾದ್ಯ ಊದುವವನು ಒಂದು ಬೆಳಗ್ಗೆ ತಲೆ ಬೋಳಿಸಿಕೊಂಡು ಹೋಗಿಬಿಡುತ್ತಾನೆ. ವರ್ಷದ ಕೊನೆಗೆ ಪರೀಕ್ಷೆ, ಅರ್ಧ ಕುರ್ಚಿ ಖಾಲಿ. ಹಾಗಾಗಿ ಮೇಷ್ಟ್ರು ಚೀನೀ ಹೊಸ ವರ್ಷಕ್ಕೆ, ಮಧ್ಯ ಶರತ್ಕಾಲದ ಹಬ್ಬಕ್ಕೆ ಏನು ನುಡಿಸುವುದು ಅಂತ ಕ್ಯಾಲೆಂಡರ್ ಮುಂದಿಟ್ಟುಕೊಂಡೇ ಆರಿಸುತ್ತಾರೆ. ಕಠಿಣವಾದದ್ದು ಜೂನ್ ರಜೆಯಲ್ಲಿ, ಸುಲಭದ್ದು ಪರೀಕ್ಷೆ ಹೊತ್ತಿನಲ್ಲಿ.

ಅಂದಹಾಗೆ ಸುವೊನಾ ನಮ್ಮ ಶಹನಾಯಿಯ ದಾಯಾದಿ. ತಗ್ಗು ಸೂರಿನ ಕೋಣೆಯಲ್ಲಿ ಒಬ್ಬ ಊದಿದರೆ ಮಿಕ್ಕ ನಲವತ್ತು ಜನ ಕೇಳಿಸುವುದಿಲ್ಲ. ನೀನು ನಾಗಸ್ವರದವರನ್ನು ಸೇರಿಸಿಕೊಳ್ಳುತ್ತೇನೆ ಅಂದಿದ್ದೀಯಲ್ಲ, ಅವರನ್ನು ಕಡೇ ಸಾಲಿನಲ್ಲಿ, ಬಾಗಿಲ ಹತ್ತಿರ ಕೂರಿಸು. ಅಭ್ಯಾಸದ ಹೊತ್ತಿನಲ್ಲಿ ಬಾಗಿಲು ತೆಗೆದೇ ಇರಲಿ. ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಡು.

ಯಾರ್ಯಾರು ಬರುತ್ತಾರೆ, ಯಾವ ವಾದ್ಯ, ವಾರದಲ್ಲಿ ಯಾವ ದಿನ ಬಿಡುವು ಅಂತ ಒಂದು ಪಟ್ಟಿ ಕಳಿಸು. ಮೇಷ್ಟ್ರಿಗೆ ತೋರಿಸಿ, ಕೂರುವ ಜಾಗದ ನಕ್ಷೆ ಬರೆಸಿ ಕಳಿಸುತ್ತೇನೆ. ಅತ್ತಿಗೆಗೆ, ಮಕ್ಕಳಿಗೆ ಕೇಳಿದೆ ಅಂತ ಹೇಳು.

ನಿನ್ನ
ಸಿಂಗಪುರದ ಗೆಳೆಯ