ಅವನು ಅವಳ ಹಿಂದೆ ಹೇಗೆ ಹೋದ?

ಪ್ರೀತಿಯ ತಂಗಿ,

ನಿನ್ನ ಅನುವಾದವನ್ನು ಎರಡು ಸಲ ಓದಿದೆ. ಜೊತೆಗಿದ್ದ ಚೀಟಿಯನ್ನೂ ಓದಿದೆ. ‘ಇದು ನನ್ನ ಕೈಲಾಗದ ಕೆಲಸ, ಬಿಟ್ಟುಬಿಡುತ್ತೇನೆ’ ಎಂದು ಬರೆದಿದ್ದೀಯಲ್ಲ, ಸಂಕಟವಾಯಿತು. ಬಿಡಬೇಡ. ಕಾಗುಣಿತ, ಪ್ಯಾರಾ, ಯಾವ ಪತ್ರಿಕೆಗೆ ಕಳಿಸಬೇಕು ಅನ್ನುವುದೆಲ್ಲ ತಾನಾಗಿ ತಿಳಿಯುತ್ತದೆ. ನನ್ನ ತಕರಾರು ಒಂದೇ ಪದದ ಮೇಲೆ.

ಆರು ಕಡೆ ‘ಹಿಂಬಾಲಿಸಿದ’ ಎಂದಿದ್ದೀಯ. ಇಂಗ್ಲಿಷ್ ಮೂಲದಲ್ಲಿ ಅವು ಬೇರೆ ಬೇರೆ ಪದಗಳು! ಫಾಲೋ ಅಂದರೆ ಸುಮ್ನೆ ಹಿಂದೆ ಹೋಗುವುದು. ಕರು ಹಸುವಿನ ಹಿಂದೆ ಹೋದರೂ ಫಾಲೋ, ಕಳ್ಳ ಹೋದರೂ ಫಾಲೋ. ಚೇಸ್‌ನಲ್ಲಿ ಓಟವಿದೆ, ಹಿಡಿಯುವ ಆತುರವಿದೆ. ಚೇಸ್, ಕ್ಯಾಚ್ ಎರಡಕ್ಕೂ ಲ್ಯಾಟಿನ್ನಿನ ಒಂದೇ ಬೇರು. ಅಲ್ಲಿ ‘ಅಟ್ಟಿಸಿಕೊಂಡು ಹೋದ’ ಅನ್ನು. ಪರ್ಸ್ಯೂ ವರ್ಷಗಟ್ಟಲೆ ನಡೆಯಬಹುದು. ಸ್ಕಾಟ್ಲೆಂಡಿನ ಕೋರ್ಟಿನಲ್ಲಿ ದಾವೆ ಹೂಡಿದವನಿಗೆ ಪರ್ಸ್ಯೂಅರ್ ಎಂದೇ ಹೆಸರು. ನಮ್ಮ ‘ಬೆನ್ನು ಹತ್ತಿದ’ ಅದಕ್ಕೆ ಚೆನ್ನಾಗಿ ಒಪ್ಪುತ್ತದೆ. ಟ್ರ್ಯಾಕ್‌ಗೆ ಮನುಷ್ಯ ಕಣ್ಣಿಗೆ ಬೀಳಲೇಬೇಕೆಂದಿಲ್ಲ, ಹೆಜ್ಜೆ ಗುರುತು ಸಾಕು. ‘ಜಾಡು ಹಿಡಿದ’ ಎಂಬ ಚಂದದ ಮಾತು ನಮ್ಮಲ್ಲೇ ಇರುವಾಗ ಯಾಕೆ ಬಿಟ್ಟೆ?

ಸ್ಟಾಕಿಂಗ್ ಬಂದಾಗಲಂತೂ ನನಗೆ ಸಿಟ್ಟೇ ಬಂತು. ಹಳೆಯ ಇಂಗ್ಲಿಷಿನಲ್ಲಿ ಅದು ಕಳ್ಳಹೆಜ್ಜೆ ಇಡುವುದು. ಸದ್ದಾಗದಂತೆ ಜಿಂಕೆಯ ಹತ್ತಿರ ಸರಿಯುವ ಬೇಟೆಗಾರನಿಗೂ ಅದೇ ಪದ. ಈಗ ಅದು ಮನುಷ್ಯರನ್ನು ಬಿಡದೆ ಹಿಂಬಾಲಿಸಿ ಕಾಡುವುದಕ್ಕೆ ಹೆಸರು. ಕ್ಯಾಲಿಫೋರ್ನಿಯಾ ಅದನ್ನು ಅಪರಾಧವೆಂದು ಕಾನೂನು ಮಾಡಿದ್ದು 1990ರಲ್ಲಿ. ನಮ್ಮಲ್ಲಿ ಆಗ ಇದ್ದ ಭಾರತೀಯ ದಂಡಸಂಹಿತೆಗೆ ಇದನ್ನು ಅಪರಾಧವೆನ್ನುವ 354ಡಿ ಕಲಂ ಸೇರಿದ್ದು 2013ರಲ್ಲಿ.

ಅದಕ್ಕೂ ತುಂಬಾ ಮೊದಲು ನಾನೂ ಇಂಥದ್ದೊಂದು ಕಥೆಯನ್ನು ಕನ್ನಡಕ್ಕೆ ತಂದಿದ್ದೆ. ಒಬ್ಬ ಗಂಡಸು ತಿಂಗಳುಗಟ್ಟಲೆ ಒಬ್ಬಳನ್ನು ಕಾಡುತ್ತಾನೆ. ನಾನು ‘ಅವಳ ಹಿಂದೆ ಬಿದ್ದ’ ಎಂದು ಬರೆದೆ. ಓದಲು ಸರಾಗವಾಗಿದೆ ಎಂದು ಸಂಪಾದಕರು ಹೊಗಳಿದರು, ನಾನು ಹಿಗ್ಗಿದೆ. ಆಮೇಲೆ ಒಬ್ಬ ಓದುಗರ ಕಾರ್ಡು ಬಂತು. ‘ಅವನಿಗೆ ಅವಳ ಮೇಲೆ ಪ್ರೀತಿಯಿತ್ತಾ ಸಾರ್?’ ಎಂದು ಕೇಳಿದ್ದರು. ಮೂಲದಲ್ಲಿ ಆ ಹೆಂಗಸು ರಾತ್ರಿ ಬಾಗಿಲಿಗೆ ಕುರ್ಚಿ ಒತ್ತಿ ಮಲಗುತ್ತಾಳೆ. ಅವಳ ಭಯವನ್ನು ನಾನು ಪ್ರೇಮಕಥೆ ಮಾಡಿಬಿಟ್ಟಿದ್ದೆ. ಆ ಕಾರ್ಡಿಗೆ ನಾನು ಉತ್ತರವನ್ನೇ ಬರೆಯಲಿಲ್ಲ. ಇವತ್ತಿಗೂ ಅದು ಚುಚ್ಚುತ್ತದೆ.

ನಿನ್ನ ಮೂರನೇ ಪುಟದಲ್ಲಿ ಅವಳು ಬಸ್ ಇಳಿದು ಬೇಗ ಬೇಗ ನಡೆಯುತ್ತಾಳೆ ಅಲ್ವಾ? ಹಿಂದೆ ಬರುವವನಿಗೆ ಅವಳಿಂದ ಏನು ಬೇಕು? ಅವನು ಬರುತ್ತಿರುವುದು ಅವಳಿಗೆ ಗೊತ್ತೋ ಇಲ್ಲವೋ? ಇದನ್ನು ಮೊದಲು ಮೂಲದಲ್ಲಿ ಹುಡುಕು. ಪದವನ್ನು ಆಮೇಲೆ ಹುಡುಕೋಣ. ಅದೊಂದು ಪುಟ ತಿದ್ದಿ ಕಳಿಸು ಸಾಕು, ಕಾಯುತ್ತಿರುತ್ತೇನೆ.

ನಿನ್ನ ಅಣ್ಣ